ಬಾಗಿಲ ಪಕ್ಕದ ಬೆಂಚು

ಈಚೆಗೆ ನನಗೊಂದು ಅಭ್ಯಾಸವಾಗಿದೆ. ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಆಮೇಲೆ ಅದು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂದು ನೋಡುತ್ತೇನೆ. ಎದುರಿಗಿರುವವರಿಗೆ ಸಲಾಮು, ನಮಸ್ಕಾರ ಎಲ್ಲ ಅದಾದ ಮೇಲೆ. ಮೊನ್ನೆ ಶಿರಸಿಯಲ್ಲಿ ಒಂದು ಮದುವೆಗೆ ಹೋದವನು ಮದುಮಗನ ಕೈ ಕುಲುಕುವ ಮೊದಲು ಮದುವೆ ಹಾಲ್‌ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದೆ. ಹುಡುಗಿಯ ತಂದೆ ಓಡಿ ಬಂದು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. "ಬಾಗಿಲು ಸಾಲದು" ಎಂದೆ. ಅವರು ಅದನ್ನು ಜನ ಜಾಸ್ತಿಯಾಯಿತು ಎಂಬ ದೂರು ಎಂದುಕೊಂಡು, ನನ್ನನ್ನು ಸಮಾಧಾನಪಡಿಸಲು ತಾವೇ ನಿಂತು ಬಿರಿಯಾನಿ ಬಡಿಸಿದರು. ಎರಡನೇ ಸಲವೂ ಬಡಿಸಿದರು. ಹೆದರಿಕೆಯಿಂದಲೂ ಲಾಭವುಂಟು ಎಂದು ಅವತ್ತು ತಿಳಿಯಿತು.

ಇದು ಹುಟ್ಟಿನಿಂದ ಬಂದ ಗುಣವಲ್ಲ. ನಾನು ಹುಟ್ಟಿ ಬೆಳೆದ ಯಲ್ಲಾಪುರದ ಮನೆಗೆ ಮುಂದೊಂದು ಹಿಂದೊಂದು ಬಾಗಿಲಿತ್ತು. ಎರಡನ್ನೂ ಮುಚ್ಚುತ್ತಿದ್ದದ್ದು ನಾಯಿ ಒಳಗೆ ಬಾರದಿರಲಿ ಎಂದು ಮಾತ್ರ. ಶಿರಸಿಯ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ನಾನು ಬಾಗಿಲಿನ ಬಗ್ಗೆ ಯೋಚಿಸಿದ್ದು ಒಂದೇ ಕಾರಣಕ್ಕೆ: ಹಾಜರಿ ಮುಗಿದ ಕೂಡಲೇ ಯಾವುದರಿಂದ ಜಾರಿಕೊಳ್ಳಬಹುದು ಎಂದು. ಆಗಲೂ ಹೊರಗೆ ಹೋಗುವ ಬಾಗಿಲನ್ನೇ ಹುಡುಕುತ್ತಿದ್ದೆ ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಆ ಹುಡುಕಾಟದಲ್ಲಿ ಎದೆ ಬಡಿದುಕೊಳ್ಳುತ್ತಿರಲಿಲ್ಲ.

ಆಮೇಲೆ ಬಹಳ ವರ್ಷ ಕೊಲ್ಲಿ ದೇಶದ ಒಂದು ಊರಿನಲ್ಲಿದ್ದೆ. ಒಂದು ಉಗ್ರಾಣದಲ್ಲಿ ಲೆಕ್ಕಪತ್ರದ ಕೆಲಸ, ಎಂಟನೇ ಮಹಡಿಯಲ್ಲಿ ಮನೆ, ಹೆಂಡತಿ ನಸೀಮಾ, ಅಲ್ಲೇ ಬೆಳೆದ ಮಗಳು ಅಸ್ಮಾ. ಒಂದು ಶುಕ್ರವಾರ ಬೆಳಿಗ್ಗೆ ನಸೀಮಾ ಪರೋಟ ಬೇಯಿಸುತ್ತಿದ್ದಳು. ಪರೋಟದ್ದಲ್ಲದ ಹೊಗೆ ಬಂತು. ಬಾಗಿಲು ತೆರೆದು ನೋಡಿದರೆ ಓಣಿಯಂಥ ಉದ್ದನೆಯ ಹಜಾರದಲ್ಲಿ ದೀಪಗಳು ಮೋಡದೊಳಗಿನ ಚಂದ್ರನ ಹಾಗೆ ಮಂಕಾಗಿ ಕಾಣುತ್ತಿದ್ದವು. ಎಲ್ಲ ಮನೆಗಳಿಂದಲೂ ಜನ ಬರುತ್ತಿದ್ದರು. ಬಾಯಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು ನಾವೂ ಹೊರಟೆವು.

ಹಜಾರದ ತುದಿಯಲ್ಲಿ ಮೆಟ್ಟಿಲಿಗೆ ಹೋಗುವ ಬಾಗಿಲು. ಅದು ನಮ್ಮ ಕಡೆಗೆ ಎಳೆದರೆ ತೆರೆಯುವಂಥದ್ದು. ಹಿಂದಿನವರು ಮುಂದಿನವರನ್ನು ತಳ್ಳುತ್ತಿದ್ದರು. ಮುಂದಿನವರು ಬಾಗಿಲನ್ನು ತಳ್ಳುತ್ತಿದ್ದರು. ಎಳೆಯಲು ಅಂಗೈಯಗಲ ಜಾಗವಿಲ್ಲ. ನಾನು ಮುಂದಿನವರ ಪೈಕಿ. ನನ್ನ ಕೆನ್ನೆ ಆ ಬಾಗಿಲಿಗೆ ಒತ್ತಿಕೊಂಡಿತ್ತು. ನಸೀಮಾ, ಅಸ್ಮಾ ಹಿಂದೆ ಎಲ್ಲೋ ಹೊಗೆಯಲ್ಲಿ. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ನನ್ನ ನೆನಪಿನಲ್ಲಿ ನಾನು ಇನ್ನೂ ಹಾಗೆಯೇ ಇದ್ದೇನೆ. ಆಗ ಹಿಂದಿನಿಂದ ಯಾರೋ ಕೂಗಿದರು: "ಪೀಛೆ! ಸಬ್ ಏಕ್ ಕದಮ್ ಪೀಛೆ!" ಎಲ್ಲರೂ ಒಂದು ಹೆಜ್ಜೆ ಹಿಂದೆ, ಅಷ್ಟೆ. ಜನ ಒಂದು ಹೆಜ್ಜೆ ಸರಿದರು, ಬಾಗಿಲು ತೆರೆಯಿತು, ಇಳಿದೆವು. ಮೂರನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಹತ್ತಿದ ಬೆಂಕಿಯಂತೆ. ಯಾರಿಗೂ ಏನೂ ಆಗಲಿಲ್ಲ. ಎಲ್ಲರೂ ಒಂದು ವಾರ ಕೆಮ್ಮಿದರು.

ಆ ಕೂಗಿನ ಬಗ್ಗೆ ಒಂದು ಮಾತು. ಒದ್ದೆ ಬಟ್ಟೆಯೊಳಗಿಂದ, ಹೊಗೆ ಕುಡಿದ ಗಂಟಲಿನಿಂದ ಬಂದದ್ದರಿಂದ ಅದು ಹೆಂಗಸಿನದೋ ಗಂಡಸಿನದೋ ತಿಳಿಯುವಂತಿರಲಿಲ್ಲ. ನನಗೆ ನೆನಪಿರುವುದು ಕೊನೆಯ ಅಕ್ಷರದ ಚೂರು ಎಳೆತ, ಮತ್ತೆ ಅದರ ಭಾವ. ಅದರಲ್ಲಿ ಭಯವಿರಲಿಲ್ಲ, ಬೇಸರವಿತ್ತು. ಇಷ್ಟೂ ಗೊತ್ತಾಗುವುದಿಲ್ಲವೇ ನಿಮಗೆ ಎನ್ನುವಂಥ ಬೇಸರ.

ಕಟ್ಟಡ ಮುಚ್ಚಿದರು. ನನ್ನ ಕೆಲಸವೂ ಮುಗಿಯುತ್ತ ಬಂದಿತ್ತು. ಊರಿಗೆ ಮರಳಿದೆವು.

ಊರಿಗೆ ಬಂದವನಿಗೆ ಎಲ್ಲರೂ ಕೇಳುವುದು ಅದೇ: "ಬೆಂಕಿ ಬಿದ್ದಿತ್ತಂತಲ್ಲ?" ನಾನು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಆ 'ಯಾರೋ' ಬೆಳೆಯತೊಡಗಿದ. ಯಲ್ಲಾಪುರದಲ್ಲಿ ಅಣ್ಣನ ಮನೆಯ ಜಗಲಿಯಲ್ಲಿ ಅವನೊಬ್ಬ ವಾಚ್‌ಮನ್ ಆದ. ಶಿರಸಿಯಲ್ಲಿ ಮಾವನ ಮನೆಗೆ ಬರುವ ಹೊತ್ತಿಗೆ ಆರಡಿ ಎತ್ತರದ ಪಠಾಣನಾಗಿ, ಗಡ್ಡವನ್ನೂ ಬಿಟ್ಟಿದ್ದ. ಬೇಕೆಂದು ಸುಳ್ಳು ಹೇಳಲಿಲ್ಲ, ನಂಬಿ. ಕೇಳುವವರು "ಯಾರು ಅಂವ?" ಎಂದಾಗ ಗೊತ್ತಿಲ್ಲ ಎಂದರೆ ಅವರ ಮುಖ ಬಾಡುತ್ತಿತ್ತು. ಪ್ರಾಣ ಉಳಿಸಿದವನಿಗೆ ಒಂದು ಗಡ್ಡವನ್ನಾದರೂ ಕೊಡದಿದ್ದರೆ ಹೇಗೆ? ನನ್ನ ಅಣ್ಣ ರಫೀಕ್ ಭಾಯಿ ಸಾಮಾನಿನ ಗಾಡಿ ಓಡಿಸುವವನು; ಅವನಿಗೆ ಸಿಟ್ಟು ಬಂದರೆ ಉರ್ದು, ತಮಾಷೆ ಬಂದರೆ ಕನ್ನಡ. ಅವನು ಒಂದು ದಿನ ಕನ್ನಡದಲ್ಲಿ ಹೇಳಿದ: "ನಿನ್ನ ಪಠಾಣ ವಾರಕ್ಕೆ ಎರಡು ಇಂಚು ಬೆಳೀತಾ ಇದ್ದಾನೆ ಮಾರಾಯಾ. ಹಿಂಗೇ ಬಿಟ್ರೆ ನನ್ನ ಗಾಡಿಯೊಳಗೆ ಹಿಡಿಯೂದಿಲ್ಲ." ನಾನು ಕತೆ ಶುರುಮಾಡಿದರೆ ಅಸ್ಮಾ ಎದ್ದು ಹೋಗುತ್ತಿದ್ದಳು. ನಸೀಮಾ ಚಹಾ ಮಾಡಲು ಒಳಗೆ ಹೋಗುತ್ತಿದ್ದಳು. ಎಷ್ಟೋ ಮಂದಿಗೆ ಹೇಳಿದ್ದೇನೆ. ನನ್ನ ಜೊತೆ ಅಲ್ಲಿದ್ದ ಇಬ್ಬರ ಜೊತೆ ಮಾತ್ರ ಆ ಮಾತು ಆಡಿದ್ದೇ ಇಲ್ಲ.

ನಮ್ಮ ಕಡೆಯ ಮನೆಗಳ ಬಾಗಿಲು ಒಳಕ್ಕೆ ತೆರೆಯುತ್ತದೆ, ಗಮನಿಸಿದ್ದೀರಾ? ಹಿಂದೂಗಳ ಮನೆಯಾಗಲಿ, ನಮ್ಮದಾಗಲಿ, ಎಲ್ಲ ಹಾಗೆಯೇ. ಕೆಲಸವಿಲ್ಲದ ದಿನಗಳಲ್ಲಿ ನಾನು ಇದರ ಬಗ್ಗೆ ದೀರ್ಘವಾಗಿ ಚಿಂತನೆ ನಡೆಸಿದೆ. ಹೊರಗೆ ನಿಂತು ಬಾಗಿಲು ತಟ್ಟಿದವನ ಮುಖಕ್ಕೆ ಬಾಗಿಲು ಬಡಿಯಬಾರದು. ತೆರೆದವನು ಹಿಂದೆ ಸರಿದು ದಾರಿ ಬಿಡಬೇಕು. ಅದು ಬರುವವರಿಗೆ ತೋರುವ ಮರ್ಯಾದೆ. ಸಿನಿಮಾ ಮಂದಿರದ ಬಾಗಿಲು ಹೊರಕ್ಕೆ ತೆರೆಯುತ್ತದೆ. ಅದು ಓಡುವವರಿಗೆ ತೋರುವ ದಯೆ. ಹಳೆಯ ಮನೆಗಳನ್ನು ಕಟ್ಟಿದವರು ಬರುವವರ ಬಗ್ಗೆಯೇ ಯೋಚಿಸಿದರು, ಓಡುವವರ ಬಗ್ಗೆ ಯೋಚಿಸಲಿಲ್ಲ. ಅವರು ಸುಖವಾಗಿ ಬದುಕಿದವರಿರಬೇಕು. ಇದನ್ನು ನಾನು ನಸೀಮಾಳಿಗೆ ವಿವರಿಸಿದೆ. ಅವಳು ಎಲ್ಲ ಕೇಳಿ, "ಮಗಳಿಗೆ ಶಾಲೆ ನೋಡ್ತೀರೋ ಇಲ್ಲವೋ?" ಎಂದಳು.

ಅದೇ ನಿಜವಾದ ಸಂಗತಿ. ಅಸ್ಮಾ ಒಂಬತ್ತನೇ ತರಗತಿಗೆ ಸೇರಬೇಕಿತ್ತು. ಕೆಲಸ ಬಿಟ್ಟು ಬಂದವನಿಗೆ ಖಾಸಗಿ ಶಾಲೆಯ ಮಾತು ಹೊಂದುವುದಿಲ್ಲ. ಸರ್ಕಾರಿ ಪ್ರೌಢಶಾಲೆಯೇ ಆಗಬೇಕು. ನಾನು ಓದಿದ್ದೂ ಅಂಥದರಲ್ಲೇ. ಸರ್ಕಾರಿ ಶಾಲೆಯಲ್ಲಿ ಜಾಗಕ್ಕೆ ಬರವೇ ಎಂದು ನೀವು ನಗಬಹುದು. ಜಾಗವಿದೆ. ಆದರೆ ಹೊರದೇಶದಿಂದ ಬಂದ ಮಗು ತಪ್ಪು ತಿಂಗಳಲ್ಲಿ, ತಪ್ಪು ಭಾಷೆಯೊಂದಿಗೆ ಬರುತ್ತದೆ. ಅಸ್ಮಾ ಅಲ್ಲಿ ಇಂಗ್ಲಿಷು, ಹಿಂದಿ ಕಲಿತಿದ್ದಳು. ಕನ್ನಡ ಕಿವಿಗೆ ಗೊತ್ತು. ಅಜ್ಜಿಯ ಫೋನಿನಿಂದ ಬಂದಷ್ಟು ಬಾಯಿಗೂ ಗೊತ್ತು. ಕಣ್ಣಿಗೆ ಮಾತ್ರ ಗೊತ್ತಿಲ್ಲ. ಶಿಕ್ಷಣ ಇಲಾಖೆಯ ಕಚೇರಿಯ ಕಂಪ್ಯೂಟರು ಅವಳನ್ನು ಹಿಂದಿನ ಜಿಲ್ಲೆ ಯಾವುದು ಎಂದು ಕೇಳಿತು. ಅಲ್ಲಿದ್ದ ಜಿಲ್ಲೆಗಳ ಪೈಕಿ ಅರಬ್ಬೀ ಸಮುದ್ರದ ಆಚೆಯದು ಒಂದೂ ಇರಲಿಲ್ಲ. ಗುಮಾಸ್ತರು ಪಾಪ, "ಸಮುದ್ರ ದಾಟಿದ್ದು ಬೇಡ, ಇಲ್ಲೇ ಈಚೆ ಯಾವುದಾದ್ರೂ ಹೇಳ್ರಿ" ಎಂದು ಒತ್ತಾಯಿಸಿದರು. ಅದು ಹೇಗೋ ಸರಿಹೋಯಿತು. ಆದರೆ ಯಾವುದಾದರೂ ಶಾಲೆ ಒಪ್ಪಬೇಕು, ದಾಖಲಾತಿ ಮುಗಿಯುವುದರೊಳಗೆ ಒಪ್ಪಬೇಕು. ಇಲ್ಲದಿದ್ದರೆ ಅಸ್ಮಾ ಒಂದು ವರ್ಷ ಮನೆಯಲ್ಲಿ. ಇಡೀ ದಿನ ಬಾಗಿಲುಗಳ ಬಗ್ಗೆ ಚಿಂತಿಸುವ ಅಪ್ಪನ ಎದುರು. ಅವಳು ಹೆದರಿದ್ದು ಬೆಂಕಿಗಿಂತ ಇದಕ್ಕೇ ಎಂದು ನನಗೆ ಅನುಮಾನ.

ನಮಗೆ ಆಗ ಸ್ವಂತ ಮನೆಯೆಂದು ಎಲ್ಲೂ ಇರಲಿಲ್ಲ. ಶಾಲೆ ಸಿಕ್ಕಲ್ಲಿ ಬಾಡಿಗೆ ಮನೆ ಎಂದುಕೊಂಡು ಭಾಯಿಯ ಗಾಡಿಯಲ್ಲಿ ಅವನು, ನಾನು, ಅಸ್ಮಾ ಮೂವರೂ ಮುಂದೆ ಕೂತು ಹೊರಡುತ್ತಿದ್ದೆವು. ಯಲ್ಲಾಪುರದಿಂದ ಶಿರಸಿಗೆ, ಶಿರಸಿಯಿಂದ ಸಿದ್ದಾಪುರದ ಕಡೆಗೆ. ಅವನ ಸಾಮಾನು ಎಲ್ಲಿ ಇಳಿಯುತ್ತದೋ ಅಲ್ಲಿ ನಮ್ಮ ಶಾಲೆ. ಆ ಪಯಣಗಳು ನನಗೆ ಈಗ ಕನಸಿನ ಹಾಗೆ ನೆನಪಾಗುತ್ತವೆ, ಅರ್ಧ ನಿಜಕ್ಕೂ ಕನಸೇ ಆದ್ದರಿಂದ. ಗಾಡಿ ತೂಗುತ್ತಿತ್ತು, ನನಗೆ ಜೊಂಪು ಹತ್ತುತ್ತಿತ್ತು. ಕಾಡಿನ ದಾರಿಯ ಪ್ರತಿಯೊಂದು ತಿರುವೂ ನಾನು ಇಳಿದ ಮೆಟ್ಟಿಲಿನ ತಿರುವಾಗುತ್ತಿತ್ತು. ಏಳನೆಯ ಮಹಡಿಯಲ್ಲಿ ಒಂದು ಮತ್ತಿಮರ. ಆರನೆಯದರಲ್ಲಿ ದಾರಿ ದಾಟುತ್ತಿರುವ ದನಗಳು. ಐದನೆಯದರಲ್ಲಿ ಯಾರೋ ಹೆಂಗಸು ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದಾಳೆ. ಹೊಗೆಯೆಂದು ಬೆಚ್ಚಿ ಕಣ್ಣು ಬಿಟ್ಟರೆ ಮಂಜು. ಎಷ್ಟು ಇಳಿದರೂ ಮುಗಿಯದ ಮೆಟ್ಟಿಲು. ಆದರೆ ಭಯವಿಲ್ಲ, ಯಾಕೆಂದರೆ ಬಗಲಲ್ಲಿ ಅಸ್ಮಾ ಏನೋ ಓದುತ್ತಿದ್ದಾಳೆ.

ಅವಳು ಓದುತ್ತಿದ್ದದ್ದು ಮುಂದಿನ ಲಾರಿಯ ಬೆನ್ನನ್ನು. ಭಾಯಿ ಅವಳಿಗೆ ಕನ್ನಡ ಕಲಿಸುವ ಹೊಣೆ ಹೊತ್ತಿದ್ದ. ಮುಂದೆ ಲಾರಿ ಸಿಕ್ಕಿದರೆ ದಾಟಿ ಹೋಗುತ್ತಿರಲಿಲ್ಲ. ಅಕ್ಷರ ಮುಗಿಯುವವರೆಗೆ ಹಿಂದೆಯೇ ಹೋಗುತ್ತಿದ್ದ. "ಅದೆಂತ ಬೇಟಿ?" "ತಾ... ಯಿ... ತಾಯಿಯ... ಚಾಚಾ, ಸ್ವಲ್ಪ ಹತ್ತಿರ ಹೋಗಿ!" "ಇನ್ನೂ ಹತ್ತಿರ ಹೋದ್ರೆ ಪಾಠ ಅಲ್ಲ, ಆಸ್ಪತ್ರೆ."

ಮೊದಲ ಶಾಲೆ ಯಲ್ಲಾಪುರದ್ದು. ಒಳ್ಳೆಯ ಮೇಷ್ಟ್ರುಗಳು, ಸೇರಿಸಿಕೊಳ್ಳಲು ತಯಾರಿದ್ದರು. ಆದರೆ ಒಂಬತ್ತನೆಯ ತರಗತಿ ಮಹಡಿಯ ಮೇಲೆ. ಮೆಟ್ಟಿಲು ಒಂದೇ.

"ಇನ್ನೊಂದು ಮೆಟ್ಟಿಲು ಇಲ್ವಾ ಸರ್?" ಎಂದೆ.

"ಯಾಕೆ? ಮಕ್ಕಳು ಹತ್ತೋದು, ಇಳಿಯೋದು ಎರಡನ್ನೂ ಒಟ್ಟಿಗೆ ಮಾಡೂದಿಲ್ಲವಲ್ಲ" ಎಂದರು ಹೆಡ್ ಮೇಷ್ಟ್ರು, ನನ್ನನ್ನು ಕುತೂಹಲದಿಂದ ನೋಡುತ್ತ.

ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಎರಡನೆಯದು ಶಿರಸಿಯದು. ನೆಲದ ಮೇಲೆಯೇ ತರಗತಿ. ನನಗೆ ಖುಷಿಯಾಯಿತು. ಆದರೆ ಬಾಗಿಲಿಗೆ ಹೊರಗಿನಿಂದ ಚಿಲಕ. ಅದು ಯಾತಕ್ಕೆ ಎಂದು ಕೇಳಿದೆ. "ಮಂಗ ಬರ್ತಾವೆ. ಮಕ್ಕಳು ಆಟಕ್ಕೆ ಹೋದಾಗ ಹೊರಗಿಂದ ಹಾಕ್ತೇವೆ" ಎಂದರು ಅಲ್ಲಿಯ ಗುರುಗಳು. ಒಳಗೆ ಮಕ್ಕಳಿರುವಾಗ ಹಾಕುತ್ತೀರಾ ಎಂದು ಕೇಳಿದೆ. ಮತ್ತೊಮ್ಮೆ ಕೇಳಿದೆ. ಮೂರನೆಯ ಸಲ ಕೇಳುವಾಗ ಆ ಗುರುಗಳು ತಾಳ್ಮೆಯಿಂದಲೇ, "ನೀವು ಮಗಳನ್ನ ಸೇರಿಸ್ಲಿಕ್ಕೆ ಬಂದವ್ರೋ, ಶಾಲೆ ತಪಾಸಣೆಗೆ ಬಂದವ್ರೋ? ಮೊದಲೇ ಹುಡುಗಿಗೆ ಕನ್ನಡ ಓದಲಿಕ್ಕೆ ಬರೂದಿಲ್ಲ ಅಂತೀರಿ. ವಿಚಾರ ಮಾಡ್ಕೊಂಡು ಬರ್ರಿ" ಎಂದರು. ಅವರದೇನೂ ತಪ್ಪಿಲ್ಲ. ನಾನಾಗಿದ್ದರೆ ಎರಡನೇ ಸಲಕ್ಕೇ ಎಬ್ಬಿಸುತ್ತಿದ್ದೆ.

ಗಾಡಿ ಹತ್ತಿದ ಮೇಲೆ ಅಸ್ಮಾ ಬಾಯಿ ಬಿಟ್ಟಳು. "ಅಬ್ಬಾ, ನೀವು ನನಗೆ ಶಾಲೆ ಹುಡುಕ್ತಾ ಇಲ್ಲ. ಬಾಗಿಲು ಹುಡುಕ್ತಾ ಇದ್ದೀರಿ. ಬಾಗಿಲಿಗೆ ಪರೀಕ್ಷೆ ಬರೀಲಿಕ್ಕೆ ಆಗೋದಿಲ್ಲ." ಆಮೇಲೆ, "ಸ್ವಲ್ಪ ಆಚೆ ಸರೀರಿ, ಲಾರಿ ಕಾಣೋದಿಲ್ಲ" ಎಂದಳು. ಭಾಯಿ ನಕ್ಕ. ನಾನು ಸರಿದೆ.

ದಾಖಲಾತಿ ಮುಗಿಯಲು ಎರಡು ದಿನವಿತ್ತು. ಯಲ್ಲಾಪುರದಲ್ಲಿ ಉಳಿದಿದ್ದ ಜಾಗ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಭಾಯಿ, "ಒಂದು ಶಾಲೆ ನನಗೆ ಗೊತ್ತುಂಟು" ಎಂದ. ಶಿರಸಿಯಿಂದ ಸಿದ್ದಾಪುರದ ದಾರಿಯಲ್ಲಿ ಅರ್ಧ ತಾಸು. ಅಲ್ಲಿಯ ಬೆಂಚುಗಳು ಅವನ ಗಾಡಿಯಲ್ಲೇ ಹೋಗಿದ್ದವಂತೆ. "ಹೆಡ್ ಮೇಡಂ ಗಟ್ಟಿ ಹೆಂಗಸು. ನನ್ನ ಹತ್ರಾನೂ ಎರಡು ಬೆಂಚು ಹೊರಿಸಿದ್ರು. ಅಲ್ಲಿ ಚಿಲಕದ ಮಾತು ಎತ್ತಬೇಡ, ಅಲ್ಲಾಹನ ಆಣೆ."

ಆ ಶಾಲೆಯನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಉದ್ದಕ್ಕೆ ಮಲಗಿದ ಹಂಚಿನ ಕಟ್ಟಡ. ಮಹಡಿಯೇ ಇಲ್ಲ. ಕೋಣೆಗೆ ಎರಡೆರಡು ಬಾಗಿಲು, ಮುಂದೊಂದು ಹಿಂದೊಂದು. ಒಂದು ಬಾಗಿಲು ಎಷ್ಟೋ ವರ್ಷದಿಂದ ಮುಚ್ಚಲು ಬಾರದಂತೆ ನೆಲಕ್ಕೆ ಕಚ್ಚಿಕೊಂಡಿತ್ತು. ಜಗತ್ತಿನಲ್ಲಿ ಮುಚ್ಚಲಾಗದ ಬಾಗಿಲನ್ನು ಕಂಡು ಇಷ್ಟು ಸಂತೋಷಪಟ್ಟ ಪಾಲಕ ನಾನೊಬ್ಬನೇ ಇರಬೇಕು.

ಹೆಡ್ ಮೇಡಂ ಫೋನಿನಲ್ಲಿದ್ದರು. "ಆನು ಈಗ ಬತ್ನಿಲ್ಲೆ, ಯಾರೋ ಬೈಂದ. ಆಮೇಲೆ ಮಾಡ್ತೆ" ಎಂದು ಹವ್ಯಕರ ಮನೆಮಾತಿನಲ್ಲಿ, ಯಾರೋ ಬಂದಿದ್ದಾರೆಂದು ಹೇಳಿ ಮುಗಿಸಿ, ನಮ್ಮ ಕಡೆ ತಿರುಗಿ, "ಬನ್ನಿ, ಕೂತ್ಕಳಿ. ರಫೀಕಣ್ಣನ ತಮ್ಮ ಅಲ್ದಾ?" ಎಂದರು. ಎಲ್ಲ ಕೇಳಿದರು. ಆಮೇಲೆ ಅಸ್ಮಾಳ ಮುಂದೆ ಒಂದು ಹಾಳೆ ಇಟ್ಟು, "ಕನ್ನಡದಲ್ಲಿ ಎಂತಾದ್ರೂ ಒಂದು ಬರಿ, ನೋಡ್ವ" ಎಂದರು.

ಅಸ್ಮಾ ಬಹಳ ಹೊತ್ತು ಪೆನ್ನು ಕಚ್ಚಿದಳು. ಕೊನೆಗೆ ಅವಳು ದಪ್ಪ ದಪ್ಪ ಅಕ್ಷರಗಳಲ್ಲಿ, ಅಕ್ಕಪಕ್ಕ ಎರಡು ಹೂವಿನ ಚಿತ್ರ ಸಹಿತ, ಒಂದು ಮಾತು ಬರೆದು ಮುಂದಿಟ್ಟಳು: ಅಂತರವಿರಲಿ.

ಮೇಡಂ ಒಮ್ಮೆ ಹಾಳೆಯನ್ನು, ಒಮ್ಮೆ ಅವಳನ್ನು ನೋಡಿದರು. "ನನಗಾ ಹೇಳಿದ್ದು?"

"ಅಲ್ಲ ಮೇಡಂ. ಲಾರಿಗೆ."

ಮೇಡಂ ನಕ್ಕದ್ದು ಪಕ್ಕದ ಕೋಣೆಗೂ ಕೇಳಿಸಿರಬೇಕು. ಅಲ್ಲಿಯ ಮಗ್ಗಿ ನಿಂತುಹೋಯಿತು. "ಒತ್ತಕ್ಷರ ಇಲ್ಲದ್ದನ್ನೇ ಆರಿಸಿದ್ದೀಯೆ, ಜಾಣೆ. ಅಡ್ಡಿಲ್ಲ, ಲಾರಿ ಬರೆದಷ್ಟು ಬರೀತೀಯ ಅಂದ್ರೆ ಮುಂದಿಂದು ನಾವು ಕಲಿಸ್ತೇವೆ. ದಿನಾ ಸಂಜೆ ಅರ್ಧ ಗಂಟೆ ನನ್ನ ಹತ್ರ ಕೂರಬೇಕು. ಆಗ್ತದಾ?"

ಆಗುತ್ತದೆ ಎಂದು ಅಸ್ಮಾ ತಲೆಯಾಡಿಸಿದಳು. ಜಾಗ ಸಿಕ್ಕಿತ್ತು. ಅಲ್ಲಿಗೆ ಎದ್ದು ಬರುವವನು ಜಾಣ. ನಾನು ಕೂತೇ ಇದ್ದೆ.

"ಮೇಡಂ, ಒಂದು ಮಾತು. ಅವಳಿಗೆ ಬಾಗಿಲ ಪಕ್ಕದ ಬೆಂಚು ಕೊಡಿ. ಖಾಯಂ."

ಯಾಕೆ ಎಂದು ಅವರು ಕೇಳಿದರು. ನಾನು ಬೆಂಕಿಯ ಕತೆ ಹೇಳಿದೆ. ಪಠಾಣನನ್ನು ಸ್ವಲ್ಪ ಗಿಡ್ಡ ಮಾಡಿಯೇ ಹೇಳಿದೆ. ಅಸ್ಮಾ ಕಿಟಕಿಯಾಚೆ ನೋಡುತ್ತಿದ್ದಳು. ಮೇಡಂ ಪೂರ್ತಿ ಕೇಳಿದರು, ನಗಲಿಲ್ಲ.

"ನಿಮ್ಮ ಸಂಕಟ ಅರ್ಥ ಆಗ್ತದೆ. ಆದ್ರೆ ಇಲ್ಲಿ ಯಾರಿಗೂ ಖಾಯಂ ಬೆಂಚಿಲ್ಲ. ಸೋಮವಾರ ಸೋಮವಾರ ಪಾಳಿ ಬದಲಾಗ್ತದೆ. ಮುಂದಿನವ್ರು ಹಿಂದೆ, ಬಾಗಿಲ ಬದಿಯವ್ರು ಕಿಟಕಿ ಬದಿಗೆ. ನಾ ಬಂದಾಗ ಹಂಗಿರಲಿಲ್ಲ. ಮುಂದಿನ ಬೆಂಚು ಕೆಲವರದೇ ಆಗಿತ್ತು. ಮುಂದಿನದು ಕೆಲವರಿಗೇ ಖಾಯಂ ಆದ್ರೆ ಹಿಂದಿಂದೂ ಕೆಲವರಿಗೇ ಖಾಯಂ ಆಗ್ತದೆ, ಅಲ್ದಾ? ಒಬ್ಬರಿಗೆ ಬಿಟ್ಟುಕೊಟ್ರೆ ನಾಳೆ ಎಲ್ಲರ ಅಪ್ಪಂದಿರೂ ಬರ್ತಾರೆ."

"ಒಳಮೂಲೆಯ ಬೆಂಚು ಬಂದ ವಾರ?"

"ಒಳಮೂಲೆಯಲ್ಲಿ ಕೂರ್ತಾಳೆ."

ನಾನು ಎದ್ದು ನಿಂತೆ. ಸುಳ್ಳು ಹೇಳಿ ಪ್ರಯೋಜನವಿಲ್ಲ: ಇನ್ನೊಂದು ಮಾತಿಗೆ ಮಗಳ ಕೈ ಹಿಡಿದು ಹೊರಟೇ ಬಿಡುತ್ತಿದ್ದೆ. ಬೇರೆ ಶಾಲೆಯಿಲ್ಲ, ಬೇರೆ ದಿನವಿಲ್ಲ ಎಂಬುದೆಲ್ಲ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಅಸ್ಮಾ ಏಳಲಿಲ್ಲ. ಕುರ್ಚಿಯ ಮೇಲೆ ಇನ್ನೂ ಸರಿಯಾಗಿ ಕೂತು, ಮೇಡಂಗೆ, "ಬುಕ್ ಯಾವಾಗ ಕೊಡ್ತೀರಿ?" ಎಂದಳು. ನಾನು ಕೂತೆ. ಸಹಿ ಮಾಡಿದೆ.

ಶಿರಸಿಯಲ್ಲಿ ಮನೆ ಹಿಡಿದೆವು. ಒಂದು ಅಡಿಕೆ ಮಂಡಿಯಲ್ಲಿ ನನಗೆ ಮಧ್ಯಾಹ್ನದ ಮೇಲೆ ಲೆಕ್ಕದ ಕೆಲಸವೂ ಸಿಕ್ಕಿತು. ಬೆಳಗಿನ ಹೊತ್ತು ಖಾಲಿ. ಖಾಲಿ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಎಂದು ನೀವು ಊಹಿಸಿರಬಹುದು. ಅಸ್ಮಾಳನ್ನು ಬಿಡುವ ನೆಪದಲ್ಲಿ ಅವಳ ಜೊತೆ ಬಸ್ಸು ಹತ್ತಿ ಹೋಗಿ, ಶಾಲೆಯ ಅಂಗಳದ ಮಾವಿನ ಮರದ ಕೆಳಗೆ ಕೂರುತ್ತಿದ್ದೆ. ಮೊದಲನೆಯ ವಾರ ಅವಳಿಗೆ ಸಿಕ್ಕಿದ್ದು ಬಾಗಿಲ ಪಕ್ಕದ ಬೆಂಚೇ. ಮೇಡಂ ಬೇಕೆಂದೇ ಕೊಟ್ಟರೋ, ಹೊಸಬರಿಗೆ ಅಲ್ಲೇ ಜಾಗವಿತ್ತೋ, ನಾನು ಕೇಳಲಿಲ್ಲ. ಮರದ ಕೆಳಗಿನಿಂದ ಅವಳ ಜಡೆಯ ತುದಿ ಕಾಣುತ್ತಿತ್ತು. ಅಷ್ಟು ಸಾಕಿತ್ತು.

ಸುಮ್ಮನೆ ಕೂತ ಗಂಡಸನ್ನು ನಮ್ಮ ಕಡೆಯ ಹೆಂಗಸರು ಸಹಿಸುವುದಿಲ್ಲ. ಎರಡನೇ ದಿನವೇ ಬಿಸಿಯೂಟದ ಅಡುಗೆಯ ಮಾದೇವಕ್ಕ ಬಂದು, "ಸಾಹೇಬ್ರೆ, ಮರ ಎಲ್ಲಿಗೂ ಓಡಿ ಹೋಗೂದಿಲ್ಲ, ಕಾಯಬೇಡಿ. ಇದನ್ನಾರೂ ಸುಲ್ದು ಕೊಡಿ" ಎಂದು ಒಂದು ಬುಟ್ಟಿ ಬೆಳ್ಳುಳ್ಳಿ ಇಟ್ಟು ಹೋದರು. ಅಂದಿನಿಂದ ನಾನು ಆ ಶಾಲೆಯ ಸಂಬಳವಿಲ್ಲದ ಸಿಬ್ಬಂದಿ. ಬಿ.ಕಾಂ. ಓದಿದ್ದು ಎಲ್ಲೂ ಇಷ್ಟು ನೇರವಾಗಿ ಪ್ರಯೋಜನಕ್ಕೆ ಬಂದಿರಲಿಲ್ಲ. ಹುಡುಗರು ನನ್ನನ್ನು ಬೆಳ್ಳುಳ್ಳಿ ಸರ್ ಎಂದು ಕರೆಯುತ್ತಾರೆಂದು ಅಸ್ಮಾ ಹೇಳಿದಳು. ಅವಳ ಮುಖ ಕೆಂಪಗಾಗಿತ್ತು. "ಅಬ್ಬಾ, ಸಾಕು. ಮನೇಲಿರಿ" ಎಂದಳು. ಒಂದೇ ಒಂದು ಸೋಮವಾರ ನೋಡಿ ಬಿಟ್ಟುಬಿಡುತ್ತೇನೆ ಎಂದೆ.

ಆ ಸೋಮವಾರ ಪಾಳಿ ಬದಲಾಗುವ ದಿನ. ಪ್ರಾರ್ಥನೆ ಮುಗಿಯಿತು. ಮಕ್ಕಳು ಒಳಗೆ ಹೋದರು. ನಾನು ಬೆಳ್ಳುಳ್ಳಿಯ ಬುಟ್ಟಿ ಹಿಡಿದುಕೊಂಡೇ ಜಗಲಿಯ ಕಂಬದ ಮರೆಗೆ ಹೋಗಿ ನಿಂತೆ. ಎಲ್ಲರೂ ಏಕಕಾಲಕ್ಕೆ ಎದ್ದರು. ಎಲ್ಲರ ಬೆನ್ನ ಮೇಲೂ ಚೀಲ. ಬಾಗಿಲ ಬದಿಯವರು ಕಿಟಕಿಯ ಕಡೆಗೆ, ಕಿಟಕಿಯವರು ಬಾಗಿಲ ಕಡೆಗೆ, ಬೆಂಚುಗಳ ನಡುವಿನ ಒಂದೇ ಒಂದು ಕಿರುದಾರಿಯಲ್ಲಿ. ಒಂದು ಗಳಿಗೆಯಲ್ಲಿ ಎಲ್ಲ ಸಿಕ್ಕಿಹಾಕಿಕೊಂಡಿತು. ಹಿಂದಿನವರು ತಳ್ಳಿದರು. ಮುಂದಿನವರು ಅವರ ಮುಂದಿನವರನ್ನು ತಳ್ಳಿದರು. ಯಾರೋ ನಕ್ಕರು, ಯಾರೋ ಅಯ್ಯೋ ಎಂದರು. ನನ್ನ ಕೆನ್ನೆಗೆ ತಣ್ಣಗಿನದೇನೋ ತಾಗಿತು. ಕಂಬಕ್ಕೆ ಮುಖ ಒತ್ತಿಕೊಂಡು ನಿಂತಿದ್ದೆ. ಹಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಸೀಮೆಸುಣ್ಣದ ಧೂಳು ಹೊಗೆಯ ಹಾಗೆ ತೇಲುತ್ತಿತ್ತು. ಶಾಲೆ ಎಂಟು ಮಹಡಿ ಮೇಲೆದ್ದು ಹೋಯಿತು.

ಆಗ ಆ ದನಿ ಕೇಳಿತು.

"ಹಿಂದೆ! ಎಲ್ಲಾ ಒಂದ್ ಹೆಜ್ಜೆ ಹಿಂದೆ!"

ಹೊಸ ಕನ್ನಡ, ಅಲ್ಲಲ್ಲಿ ಮೊಂಡಾದ ಉಚ್ಚಾರ. ಆದರೆ ಅದೇ ದನಿ. ಭಯವಿಲ್ಲ, ಸಿಟ್ಟಿಲ್ಲ; ಬೇಸರ. ಇಷ್ಟೂ ಗೊತ್ತಾಗುವುದಿಲ್ಲವೇ ನಿಮಗೆ ಎಂಬ ಬೇಸರ. ಕೊನೆಯ ಅಕ್ಷರವನ್ನು ಚೂರು ಎಳೆದು ಮೇಲಕ್ಕೆ ಎತ್ತುವ ರೀತಿಯೂ ಅದೇ. ನೂಕುನುಗ್ಗಲು ಒಂದು ಹೆಜ್ಜೆ ಹಿಂದೆ ಸರಿಯಿತು. ನಡುವೆ ದಾರಿ ಬಿಟ್ಟಿತು. ಚೀಲಗಳು ಒಂದೊಂದಾಗಿ ದಾಟಿದವು. ಅಸ್ಮಾ ಕೊನೆಯವಳಾಗಿ, ಬೇರೆಯವರೆಲ್ಲ ಕೂತ ಮೇಲೆ, ಬಾಗಿಲಿಂದ ದೂರದ ಬೆಂಚಿಗೆ ಹೋಗಿ ಕೂತಳು. ಅಲ್ಲಿಂದ ಅವಳ ಜಡೆ ಕಾಣುತ್ತಿರಲಿಲ್ಲ.

ಪಠಾಣ ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತಿದ್ದನೆಂದು ತೋರುತ್ತದೆ. ಆಮೇಲೆ ತನ್ನ ಗಡ್ಡವನ್ನು ತಾನೇ ತೆಗೆದುಕೊಂಡು, ಯಾರಿಗೂ ಹೇಳದೆ, ತೆರೆದಿದ್ದ ಬಾಗಿಲಿನಿಂದ ಹೊರಟು ಹೋದ.

ಬುಟ್ಟಿಯನ್ನು ಮಾದೇವಕ್ಕನಿಗೆ ಒಪ್ಪಿಸಿದೆ. "ಇಷ್ಟೇ ಸುಲ್ದದ್ದಾ?" ಎಂದರು. ನಾಳೆಯಿಂದ ಬರುವುದಿಲ್ಲ ಎಂದೆ. "ಅಯ್ಯ, ಒಳ್ಳೆ ಕೈಯಾಗಿತ್ತು" ಎಂದು ಅವರು ನಿಜವಾಗಿಯೂ ಬೇಜಾರು ಮಾಡಿಕೊಂಡರು.

ಮನೆಗೆ ಬಂದು ನಸೀಮಾಳಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ನಾನು ಆ ದಿನದ ಹಜಾರದಿಂದ ಈ ದಿ‌ನದ ತರಗತಿಯವರೆಗೆ ಎಲ್ಲವನ್ನೂ ಹೇಳಿ, ಧ್ವನಿ ನಡುಗಿಸಿಕೊಂಡು, "ಅಂದ್ರೆ ಅವತ್ತು ಕೂಗಿದ್ದು..." ಎಂದು ನಿಲ್ಲಿಸಿದೆ.

"ಅಸ್ಮಾ" ಎಂದಳು ಅವಳು, ದುಪಟ್ಟಾದ ಮಡಿಕೆ ಸರಿಮಾಡುತ್ತ. "ನನ್ನ ಕೈ ಹಿಡಿದುಕೊಂಡೇ ಕೂಗಿದ್ದು. ನನ್ನ ಕಿವಿ ಎರಡು ದಿನ ಗುಂಯ್ ಅಂತಿತ್ತು. ನಿಮಗೆ ಗೊತ್ತಿರಲಿಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಎಲ್ಲಿ ಕೇಳಿದ್ರಿ? ಮೊದಲು ವಾಚ್‌ಮನ್ ಬಂದ. ನಾನು ಬಾಯಿ ತೆಗೆಯೋದರೊಳಗೆ ಪಠಾಣ ಬಂದ. ಜನರೆಲ್ಲ ಖುಷಿಯಿಂದ ಕೇಳ್ತಾ ಇದ್ರು. ಅಸ್ಮಾನೇ ಅಂದ್ಲು, ಇರ್ಲಿ ಬಿಡಿ ಅಮ್ಮೀ, ಅಬ್ಬಾಗೆ ಪಠಾಣ ಇದ್ರೆ ಧೈರ್ಯ ಅಂತ."

ಸಂಜೆ ಅಸ್ಮಾ ಬಂದಳು. ಹೆಡ್ ಮೇಡಂ ಹತ್ತಿರ ಕಲಿತ ಒತ್ತಕ್ಷರಗಳನ್ನು ಬರೆಯುತ್ತ ಕೂತಳು. ಕೇಳಬೇಕೆಂದು ಎರಡು ಸಲ ಅವಳ ಹತ್ತಿರ ಹೋದೆ. "ಅಬ್ಬಾ, ಸರೀರಿ, ಬೆಳಕಿಗೆ ಅಡ್ಡ ನಿಂತಿದ್ದೀರಿ" ಎಂದಳು. ಅದೇ ಬೇಸರ. ಒಂದು ಹೆಜ್ಜೆ ಹಿಂದೆ ಸರಿದೆ. ಪುಸ್ತಕದ ಮೇಲೆ ಬೆಳಕು ಬಿತ್ತು. ಇನ್ನು ಕೇಳುವುದು ಏನೂ ಉಳಿದಿಲ್ಲ ಎನ್ನಿಸಿತು.

ಬಾಗಿಲುಗಳ ಬಗ್ಗೆ ನನ್ನ ಅಧ್ಯಯನ ಮುಗಿದಿದೆ ಎಂದು ತಿಳಿಯಬೇಡಿ. ಈಗಲೂ ಮಂಡಿಗೆ ಹೋದ ಕೂಡಲೇ ಎರಡೂ ಬಾಗಿಲು ನೋಡುತ್ತೇನೆ. ಬಸ್ಸಿನಲ್ಲಿ ತುರ್ತು ನಿರ್ಗಮನ ಎಂದು ಬರೆದ ಕಿಟಕಿಯ ಪಕ್ಕವೇ ಕೂರುತ್ತೇನೆ. ಜೊಂಪು ಹತ್ತಿದರೆ ಮೆಟ್ಟಿಲು ಈಗಲೂ ಬರುತ್ತದೆ. ಆದರೆ ಅದರ ತುದಿಯಲ್ಲಿ ಇತ್ತೀಚೆಗೆ ಒಂದು ಹಂಚಿನ ಶಾಲೆ ಕಾಣುತ್ತದೆ, ನೆಲಕ್ಕೆ ಕಚ್ಚಿಕೊಂಡ ಬಾಗಿಲಿನದು. ಅಂಗಳದಲ್ಲಿ ಯಾರೋ ನನ್ನ ಬೆಳ್ಳುಳ್ಳಿ ಸುಲಿಯುತ್ತಿರುತ್ತಾರೆ.

ಇದನ್ನು ಬರೆಯುತ್ತಿರುವ ವಾರ ಅಸ್ಮಾಳ ಪಾಳಿ ಒಳಮೂಲೆಯ ಬೆಂಚು. ಎರಡೂ ಬಾಗಿಲಿಗೆ ಅತಿ ದೂರದ್ದು. ಬಾಗಿಲ ಪಕ್ಕದ ಬೆಂಚಿನಲ್ಲಿ ಹೇರೂರಿನ ಕಡೆಯ ಒಬ್ಬ ಹುಡುಗಿ ಕೂತಿದ್ದಾಳಂತೆ. ಅವಳ ಅಪ್ಪ ಈಗ ಎಲ್ಲೋ ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿರಬೇಕು, ತನ್ನ ಮಗಳು ಯಾವ ಬೆಂಚಿನಲ್ಲಿ ಕೂತಿದ್ದಾಳೆ ಎಂಬುದು ಗೊತ್ತೇ ಇಲ್ಲದೆ. ನಾನೂ ಕುಡಿಯುತ್ತಿದ್ದೇನೆ, ಗೊತ್ತಿದ್ದೂ.